ಅಮ್ಮನ ನೀಲಿ ಬಳ್ಳಿ ಮೈಸೂರಿನಿಂದ ಬೆಂಗಳೂರಿಗೆ ಬಂದ ಹನ್ನೊಂದು ತಿಂಗಳು

ಕಳೆದ ವರ್ಷ ಯುಗಾದಿಗೆ ಮೈಸೂರಿಗೆ ಹೋದಾಗ ಮನೆ ಮಾರುವುದು ಅಂತ ತೀರ್ಮಾನವಾಯಿತು. ಸರಸ್ವತಿಪುರಂನ ಹಳೆಯ ಮನೆ. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆ ಬೆಂಗಳೂರಿಗೆ ಬಂದು ಎರಡು ವರ್ಷವಾಗಿತ್ತು. ಮನೆಗೆ ಬೀಗ ಬಿದ್ದಿತ್ತು. ಅಣ್ಣ, ಅಕ್ಕ, ನಾನು ಕೂತು ಮಾತಾಡಿದೆವು. ಅಮ್ಮ ಜಾಸ್ತಿ ಏನೂ ಹೇಳಲಿಲ್ಲ. ಕೊನೆಗೆ ಗೇಟಿನ ಮೇಲೆ ನೀಲಿಯಾಗಿ ಇಳಿಬಿದ್ದಿದ್ದ ಬಳ್ಳಿ ತೋರಿಸಿ, "ಮನೆ ಹೋದರೆ ಹೋಗಲಿ ಕಣೇ. ಆ ಬಳ್ಳಿ ಬರುತ್ತೇನೋ ನೋಡು" ಅಂದರು.

"ಬರುತ್ತೆ ಬಿಡಮ್ಮ" ಅಂದುಬಿಟ್ಟೆ.

ಮನೆ ಮಾರುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಸಿಕ್ಕಿದರು. ಹಳೆ ಬಳ್ಳಿಯನ್ನು ಜೊತೆಗೆ ತರುವುದು ಹೇಗೆ ಅಂತ ಹೇಳಿಕೊಟ್ಟವರು ಒಬ್ಬರೇ. ಅವರೂ ಸಿಕ್ಕಿದ್ದು ಎರಡು ತಿಂಗಳು ಹಾಳಾದ ಮೇಲೆ. ಆ ಓಡಾಟ ಈಗಷ್ಟೇ ಮುಗಿದಿದೆ. ಎಲ್ಲ ನೆನಪಿನಲ್ಲಿರುವಾಗಲೇ ಬರೆದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಸಂದರ್ಭ ಬಂದಿದ್ದರೆ ಒಂದು ಮಾತು ಮೊದಲೇ ಹೇಳುತ್ತೇನೆ. ಮನೆ ಮಾರುವ ಯೋಚನೆ ಬಂದ ದಿನವೇ ಬಳ್ಳಿಯ ಕೆಲಸ ಶುರು ಮಾಡಿ. ನಡುವೆ ಒಂದು ಪೂರ್ತಿ ಮಳೆಗಾಲ ಸಿಗಲೇಬೇಕು.

ನಮ್ಮಲ್ಲಿ ಐದು ಬಳ್ಳಿಗಳಿದ್ದವು. ಐದೂ ಕಾಂಡ ಮರದ ಹಾಗೆ ಗಟ್ಟಿಯಾಗುವ ಜಾತಿಯವು. ಗೇಟಿನ ಕಮಾನಿನ ಮೇಲೆ ಪೆಟ್ರಿಯಾ. ಅಮ್ಮ ತೋರಿಸಿದ ನೀಲಿ ಬಳ್ಳಿ ಇದೇ. ಮೆಟ್ಟಿಲ ಪಕ್ಕ ರಂಗೂನ್ ಮಲ್ಲಿಗೆ. ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಾಗುತ್ತದಲ್ಲ, ಅದು. ಕಾಂಪೌಂಡಿನ ಮೂಲೆಯಲ್ಲಿ ಬೆಳ್ಳುಳ್ಳಿ ಬಳ್ಳಿ. ಎಲೆ ಹೊಸಕಿದರೆ ಒಗ್ಗರಣೆಯ ವಾಸನೆ, ಹೂ ಮಾತ್ರ ನೇರಳೆ. ಮುಂದಿನ ಗೋಡೆಗೆ ಬೋಗನ್‌ವಿಲ್ಲಾ. ಹಿಂದೆ ಬಾವಿ ಕಟ್ಟೆಯ ಚಪ್ಪರಕ್ಕೆ ಥನ್‌ಬರ್ಜಿಯಾ ಮೈಸೂರೆನ್ಸಿಸ್. ಇದು ನಮ್ಮ ಪಶ್ಚಿಮ ಘಟ್ಟದ್ದೇ ಬಳ್ಳಿ. ಸ್ವೀಡನ್ನಿನ ಸಸ್ಯವಿಜ್ಞಾನಿ ಥನ್‌ಬರ್ಗ್ ಹೆಸರು ಮುಂದೆ, ಮೈಸೂರಿನ ಹೆಸರು ಹಿಂದೆ. ಹಳದಿ, ಕಂದುಗೆಂಪು ಹೂಗಳ ಉದ್ದುದ್ದ ಮಾಲೆ ಚಪ್ಪರದಿಂದ ಕೆಳಗೆ ಜೋತು ಬೀಳುತ್ತದೆ. ಬೆಳಗಾದರೆ ಸೂರಕ್ಕಿಗಳು ಅದರ ಜೇನಿಗೆ ಬಂದು ತೂಗಾಡುತ್ತವೆ. ಬೇರೆ ದೇಶದವರು ತಮ್ಮ ಗಾಜಿನ ಮನೆಗಳಲ್ಲಿ ಆಸೆಪಟ್ಟು ಬೆಳೆಸುವ ಈ ಬಳ್ಳಿಯನ್ನು ನಮ್ಮ ನರ್ಸರಿಗಳಲ್ಲಿ ಕೇಳಿ ಕೇಳಿ ಹುಡುಕಬೇಕು. ಅದು ನನಗೆ ನಿಜವಾಗಿ ಬೇಜಾರಿನ ವಿಷಯ.

ಪೆಟ್ರಿಯಾ ನಮ್ಮ ಊರಿನದಲ್ಲ. ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯದು. ನಮ್ಮ ಮನೆಗೆ ಬಂದಿದ್ದು ದಸರಾದಲ್ಲಿ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಅಮ್ಮ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಒಂದು ಪುಟ್ಟ ಕವರಿನ ಗಿಡ ತಂದಿದ್ದರು. ಅದರ ಎಲೆ ಉಪ್ಪುಕಾಗದದ ಹಾಗೆ ಒರಟು. ನಾವು ಮಕ್ಕಳು ಅದನ್ನು ಕಿತ್ತು ಸ್ಲೇಟಿನ ಮರದ ಚೌಕಟ್ಟು ಉಜ್ಜುತ್ತಿದ್ದೆವು. ಹೂವಿನ ನಡುವಿನ ಗಾಢ ನೇರಳೆ ಎಸಳು ಎರಡು ಮೂರು ದಿನಕ್ಕೆ ಉದುರುತ್ತದೆ. ಹಿಂದಿನ ತಿಳಿ ನೀಲಿ ನಕ್ಷತ್ರ ವಾರಗಟ್ಟಲೆ ಉಳಿಯುತ್ತದೆ. ದೂರದಿಂದ ನೋಡಿದವರಿಗೆ ಬಳ್ಳಿ ಇಡೀ ತಿಂಗಳು ಹೂ ಬಿಟ್ಟ ಹಾಗೇ ಕಾಣುತ್ತದೆ.

ನರ್ಸರಿಯಲ್ಲಿ ಇನ್ನೊಂದು ಪೆಟ್ರಿಯಾ ಕೊಳ್ಳಬಹುದಿತ್ತು ಅಂತ ಬಹಳ ಜನ ಹೇಳಿದರು. ಹೌದು, ಕೊಳ್ಳಬಹುದಿತ್ತು. ಆದರೆ ಅದು ಅಪ್ಪ ಕಮಾನು ಹಾಕಿಸಿ ಹಬ್ಬಿಸಿದ ಬಳ್ಳಿಯಲ್ಲ. ಕಡ್ಡಿಯಿಂದಲೋ ಗೂಟಿಯಿಂದಲೋ (ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು) ಬಂದ ಗಿಡ ಬೇರೆ ಗಿಡವಲ್ಲ, ಅದೇ ಗಿಡದ ಮುಂದುವರಿಕೆ. ನನಗೆ ಬೇಕಾಗಿದ್ದುದು ಅದು.

ಮೊದಲ ಪ್ರಯತ್ನ ಏಪ್ರಿಲ್ ಮೊದಲ ವಾರ. ಪೆಟ್ರಿಯಾದಿಂದ ಇಪ್ಪತ್ತು ಕಡ್ಡಿ, ಬೆಳ್ಳುಳ್ಳಿ ಬಳ್ಳಿಯಿಂದ ಹತ್ತು ಕಡ್ಡಿ ಕತ್ತರಿಸಿದೆ. ಒದ್ದೆ ಪೇಪರಿನಲ್ಲಿ ಸುತ್ತಿ ರೈಲಿನಲ್ಲಿ ಬೆಂಗಳೂರಿಗೆ ತಂದೆ. ಕೆಮ್ಮಣ್ಣು, ಗೊಬ್ಬರ ತುಂಬಿದ ಕುಂಡಗಳಲ್ಲಿ ನೆಟ್ಟು ಬಾಲ್ಕನಿಯ ಬಿಸಿಲಿಗೆ ಇಟ್ಟೆ. ಹನ್ನೆರಡನೇ ದಿನ ಪೆಟ್ರಿಯಾ ಕಡ್ಡಿಗಳಲ್ಲಿ ಹಸಿರು ಮೊಗ್ಗು ಕಂಡಿತು. ಇಪ್ಪತ್ತನೇ ದಿನಕ್ಕೆ ಎಲೆ ಬಿಚ್ಚಿತು. ಅಮ್ಮನನ್ನು ಕರೆದು ತೋರಿಸಿದೆ. ಅವರ ಮುಖ ಅರಳಿತು.

ಮೇ ತಿಂಗಳ ಮಧ್ಯಕ್ಕೆ ಆ ಎಲೆಗಳು ಬಾಡಿದವು. ನೀರು ಜಾಸ್ತಿ ಹಾಕಿದೆ. ಕಡ್ಡಿ ಕಪ್ಪಾಯಿತು. ಎಳೆದರೆ ಸಲೀಸಾಗಿ ಮೇಲೆ ಬಂತು. ಕೆಳಗೆ ಒಂದು ಎಳೆ ಬೇರೂ ಇರಲಿಲ್ಲ. ಇಪ್ಪತ್ತಕ್ಕೆ ಇಪ್ಪತ್ತೂ ಹೋದವು. ಬೆಳ್ಳುಳ್ಳಿ ಬಳ್ಳಿಯಲ್ಲಿ ಎರಡು ಉಳಿದವು. ಅಮ್ಮ ಏನೂ ಅನ್ನಲಿಲ್ಲ. ಖಾಲಿ ಕುಂಡಗಳನ್ನು ತೊಳೆದು ಕವುಚಿ ಇಟ್ಟರು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಚಿಗುರು ಬಂದರೆ ಬೇರು ಬಂದ ಹಾಗಲ್ಲ. ಕಡ್ಡಿಯೊಳಗೆ ಮೊದಲೇ ಕೂಡಿಟ್ಟ ಆಹಾರ ಇರುತ್ತದೆ. ಅದರ ಬಲದಲ್ಲೇ ಎಲೆ ಬಿಡುತ್ತದೆ. ಆ ಆಹಾರ ಮುಗಿಯುವುದರೊಳಗೆ ಬೇರು ಬಂದರೆ ಗಿಡ ಉಳಿಯಿತು, ಇಲ್ಲದಿದ್ದರೆ ಇಲ್ಲ. ನನಗೆ ಅತಿ ಜಾಸ್ತಿ ನೋವು ಕೊಟ್ಟ ತಿಳಿವಳಿಕೆ ಇದು.

ಅದೇ ಮೇ ತಿಂಗಳಲ್ಲಿ ಮನೆಯ ಕರಾರು ಪತ್ರವೂ ಆಯಿತು. ಮುಂಗಡ ಕೊಟ್ಟರು. ಅಕ್ಟೋಬರ್ ಕೊನೆಗೆ ನೋಂದಣಿ, ಅವತ್ತೇ ಕೀ ಕೊಡುವುದು ಅಂತ ಮಾತು. ಕೊಳ್ಳುವವರು ಹಳೆ ಮನೆ ಕೆಡವಿ ಹೊಸದು ಕಟ್ಟುವವರು. ಕರಾರಿನ ಕರಡು ಓದುವಾಗ ಅಕ್ಕ ಒಂದು ಒಳ್ಳೆಯ ಕೆಲಸ ಮಾಡಿದಳು. "ಸ್ವಾಧೀನ ಕೊಡುವ ದಿನದವರೆಗೆ ಗಿಡ, ಬಳ್ಳಿಗಳನ್ನು ತೆಗೆದುಕೊಂಡು ಹೋಗುವ ಹಕ್ಕು ಮಾರುವವರದು" ಅಂತ ಒಂದು ಸಾಲು ಸೇರಿಸಿ ಅಂತ ಪತ್ರ ಬರಹಗಾರರಿಗೆ ಹೇಳಿದಳು. ಅವರು ಇದೆಲ್ಲ ಯಾಕೆ ಅಂದರು. ಅಕ್ಕ ಬಿಡಲಿಲ್ಲ. ಒಂದೇ ಸಾಲು, ಆದರೆ ಮುಂದೆ ನಮ್ಮನ್ನು ಕಾಪಾಡಿದ್ದು ಅದೇ. ನೀವೂ ಬರೆಸಿಕೊಳ್ಳಿ. ಬಾಯಿ ಮಾತು ಸಾಲದು. ಕೊಳ್ಳುವವರು ಒಳ್ಳೆಯವರಾಗಿದ್ದರೂ ಅವರ ಕೆಲಸದವರಿಗೆ ಆ ಮಾತು ಗೊತ್ತಿರುವುದಿಲ್ಲ.

ಇಡೀ ಬಳ್ಳಿಯನ್ನೇ ಬುಡಸಮೇತ ಕೀಳಿಸಿ ತರಬಹುದಾ ಅಂತಲೂ ವಿಚಾರಿಸಿದೆ. ಮರ ಸ್ಥಳಾಂತರ ಮಾಡುವವರೊಬ್ಬರು ಬಂದು ನೋಡಿದರು. ಪೆಟ್ರಿಯಾದ ಬುಡ ನನ್ನ ತೋಳಿನಷ್ಟು ದಪ್ಪ. ಬೇರು ಗೇಟಿನ ಕಂಬದ ಅಡಿಪಾಯದೊಳಗೆ ಹೊಕ್ಕಿತ್ತು. ಜೆಸಿಬಿ, ಲಾರಿ ಎಲ್ಲ ಸೇರಿ 35,000 ರೂಪಾಯಿ ಆಗುತ್ತೆ, ಬದುಕುತ್ತೆ ಅಂತ ಖಾತ್ರಿ ಕೊಡಲಾರೆ ಅಂದರು. ಅವರು ನೇರವಾಗಿ ಹೇಳಿದ್ದಕ್ಕೆ ನಾನು ಋಣಿ. ಅಲ್ಲಿಗೆ ಆ ದಾರಿ ಬಿಟ್ಟೆ.

ಆಗ ಸಿಕ್ಕಿದವರು ತಾತ. ಪಕ್ಕದ ಮನೆಯ ಆಂಟಿ ಕರೆಸಿದರು. ಎಪ್ಪತ್ತು ದಾಟಿದ ತೋಟದ ಮಾಲಿ. ಜೀವನವೆಲ್ಲ ಗಿಡಗಳ ನಡುವೆಯೇ ಕಳೆದವರು. ನನ್ನ ಏಪ್ರಿಲ್ ಕತೆ ಕೇಳಿ ತಲೆಯಾಡಿಸಿದರು.

"ಹೂ ಬಿಟ್ಟಿರೋ ಕಾಲದಲ್ಲಿ ಕಡ್ಡಿ ಕುಯ್ದ್ರೆ ಬೇರು ಎಲ್ಲಿಂದ ಬರ್ತದವ್ವಾ? ಅದ್ರ ಶಕ್ತಿ ಎಲ್ಲಾ ಹೂವಿಗೆ ಹೋಗಿರ್ತದೆ. ಮಳೆ ಬೀಳ್ಲಿ. ಈ ಬಳ್ಳಿಗೆ ಗೂಟಿನೇ ಕಟ್ಟಬೇಕು."

"ತಾತ, ಅಕ್ಟೋಬರ್‌ಗೆ ಮನೆ ಕೊಡಬೇಕು. ಆಗುತ್ತಾ?"

"ಮೂರು ತಿಂಗಳು ಬುಟ್ಟುಬುಡಿ ಇದರ ಪಾಡಿಗೆ. ಆಯ್ತದೆ."

ಜೂನ್ ಎರಡನೇ ವಾರ, ಎರಡು ಒಳ್ಳೆ ಮಳೆಯಾದ ಮೇಲೆ, ಶನಿವಾರ ಭಾನುವಾರ ಎರಡು ದಿನ ಕೂತು ಎಲ್ಲ ಬಳ್ಳಿಗಳಿಗೂ ಕೆಲಸ ಮಾಡಿದೆವು. ತಾತನ ಕೂಲಿ ದಿನಕ್ಕೆ 800 ರೂಪಾಯಿ. ಆ ಎರಡು ದಿನದಲ್ಲಿ ನಾನು ಕಲಿತಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪೆಟ್ರಿಯಾಗೆ ಆರು ಗೂಟಿ ಕಟ್ಟಿದೆವು. ಪೆನ್ಸಿಲ್‌ಗಿಂತ ದಪ್ಪ, ಹೆಬ್ಬೆರಳಿಗಿಂತ ಸಣ್ಣ ಕೊಂಬೆ ಆರಿಸಬೇಕು. ಒಂದು ಅಂಗುಲ ಅಗಲಕ್ಕೆ ಸುತ್ತಲೂ ತೊಗಟೆ ಬಿಡಿಸಬೇಕು. ಕೆಳಗೆ ಬಿಳಿ ಕಟ್ಟಿಗೆ ಕಾಣುತ್ತದೆ. ಅದರ ಮೇಲೆ ಲೋಳೆಯಂಥ ತೆಳು ಪದರ ಇರುತ್ತದೆ. ಅದನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯಬೇಕು. ಇದನ್ನು ಬಿಟ್ಟರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದೇ ಇಲ್ಲ. ಎಲೆ ತಯಾರಿಸಿದ ಆಹಾರ ಕೆಳಗೆ ಹರಿಯುವುದು ತೊಗಟೆಯಲ್ಲಿ, ಬೇರಿನ ನೀರು ಮೇಲೆ ಏರುವುದು ಒಳಗಿನ ಕಟ್ಟಿಗೆಯಲ್ಲಿ. ತೊಗಟೆ ತೆಗೆದರೆ ನೀರು ಬರುತ್ತಲೇ ಇರುತ್ತದೆ, ಆಹಾರ ಮಾತ್ರ ಗಾಯದ ಮೇಲಂಚಿನಲ್ಲಿ ನಿಂತುಬಿಡುತ್ತದೆ. ಅಲ್ಲೇ ಊದಿಕೊಂಡು ಬೇರು ಒಡೆಯುತ್ತದೆ. ಅದಕ್ಕೇ ಬೇರು ಬರಿಸುವ ಪುಡಿ ಹಚ್ಚುವುದಾದರೆ ಗಾಯದ ಮೇಲಂಚಿಗೆ ಹಚ್ಚಿ. ಐಬಿಎ ಅನ್ನುವ ಹಾರ್ಮೋನು ಇರುವ ಆ ಪುಡಿ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಎಳೆ ಕಡ್ಡಿಗೆ, ಬಲಿತ ಕಡ್ಡಿಗೆ ಬೇರೆ ಬೇರೆ ಇರುತ್ತದೆ, ಕೇಳಿ ತನ್ನಿ. ಮೇಲೆ ನೆನೆಸಿ ಹಿಂಡಿದ ಪಾಚಿ (ಸ್ಫ್ಯಾಗ್ನಮ್ ಮಾಸ್) ಒಂದು ಹಿಡಿ ಸುತ್ತಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ, ಎರಡೂ ತುದಿ ಸುತಳಿಯಿಂದ ಕಟ್ಟುವುದು. ಬಿಸಿಲು ನೇರವಾಗಿ ಬೀಳುವ ಕಡೆ ಇದ್ದರೆ ಮೇಲೆ ಒಂದು ಪೇಪರ್ ಸುತ್ತಿ. ಆರರಲ್ಲಿ ಎರಡಕ್ಕೆ ತಾತ ಪುಡಿ ಹಚ್ಚಲು ಬಿಡಲಿಲ್ಲ. "ನೋಡವಾ, ಇದೂ ಬರ್ತದೆ" ಅಂದರು.

ರಂಗೂನ್ ಮಲ್ಲಿಗೆಗೆ ಇಷ್ಟೆಲ್ಲ ಬೇಕಾಗಲಿಲ್ಲ. ಅದು ತನ್ನ ಬುಡದ ಸುತ್ತ ಬೇರಿನಿಂದಲೇ ಮರಿ ಎಬ್ಬಿಸುತ್ತದೆ. ನಾಲ್ಕು ಮರಿಗಳನ್ನು ಒಂದಿಷ್ಟು ಬೇರಿನ ಸಮೇತ ಅಗೆದು ಕವರಿಗೆ ಹಾಕಿದೆವು. ಮೂರು ಉಳಿದವು. ಹಳೆ ಕಾಂಡ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಎಲೆ ಉದುರಿದ ಮೇಲೆ ತೊಟ್ಟು ಉಳಿದು ಮುಳ್ಳಾಗಿರುತ್ತದೆ.

ಬೆಳ್ಳುಳ್ಳಿ ಬಳ್ಳಿಗೆ ಕಡ್ಡಿಯೇ ಸಾಕು, ಕಾಲ ಸರಿಯಿದ್ದರೆ. ಪೂರ್ತಿ ಎಳೆಯದೂ ಅಲ್ಲ, ಪೂರ್ತಿ ಬಲಿತದ್ದೂ ಅಲ್ಲ ಅನ್ನುವಂಥ ಕಡ್ಡಿ, ಮೂರು ಗಿಣ್ಣು ಇರುವಂತೆ. ಒಂದು ಗಿಣ್ಣು ಮಣ್ಣಿನೊಳಗೆ. ತಾತ ಕಡ್ಡಿಯ ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸುತ್ತಿದ್ದರು. ಆಮೇಲೆ ಯಾವುದು ಮೇಲೆ, ಯಾವುದು ಕೆಳಗೆ ಅಂತ ಗೊಂದಲವೇ ಇಲ್ಲ. ತಲೆಕೆಳಗಾಗಿ ನೆಟ್ಟ ಕಡ್ಡಿ ಬದುಕುವುದು ಕಷ್ಟ. ನನ್ನ ಏಪ್ರಿಲ್ ಕಡ್ಡಿಗಳಲ್ಲಿ ಎಷ್ಟು ಹಾಗಿದ್ದವೋ ಏನೋ. ಈ ಸಲ ಮಣ್ಣಿಗೆ ಗೊಬ್ಬರವೇ ಇಲ್ಲ. ಅರ್ಧ ಮರಳು, ಅರ್ಧ ತೆಂಗಿನ ನಾರಿನ ಪುಡಿ. ಬೇರಿಲ್ಲದ ಕಡ್ಡಿಗೆ ಗೊಬ್ಬರ ತಿನ್ನುವ ಬಾಯಿಯೇ ಇಲ್ಲ, ಕೊಳೆಯುತ್ತದೆ ಅಷ್ಟೆ. ಹನ್ನೆರಡು ನೆಟ್ಟೆವು, ಎಂಟು ಬಂದವು.

ಥನ್‌ಬರ್ಜಿಯಾದ ಉದ್ದನೆ ಕಾಂಡವೊಂದನ್ನು ನೆಲಕ್ಕೆ ಬಗ್ಗಿಸಿ, ಗಿಣ್ಣಿನ ಕೆಳಗೆ ತೊಗಟೆ ಸ್ವಲ್ಪ ಕೆರೆದು, ಮಣ್ಣು ತುಂಬಿದ ಕುಂಡದೊಳಗೆ ಹುದುಗಿಸಿ, ಮೇಲೆ ಇಟ್ಟಿಗೆ ಇಟ್ಟೆವು. ತುದಿ ಹೊರಗೆ. ತಾಯಿ ಬಳ್ಳಿ ಊಟ ಕೊಡುತ್ತಲೇ ಇರುತ್ತದೆ, ಹಾಗಾಗಿ ಸಾಯುವ ಭಯ ಇಲ್ಲ. ಜಾಗ ಇದ್ದು, ಕೊಂಬೆ ನೆಲಕ್ಕೆ ಬಾಗುವಂತಿದ್ದರೆ ನಾನು ಎಲ್ಲರಿಗೂ ಹೇಳುವುದು ಇದನ್ನೇ. ಗೂಟಿಗಿಂತ ಸುಲಭ, ಕಡ್ಡಿಗಿಂತ ಖಾತ್ರಿ. ಬೋಗನ್‌ವಿಲ್ಲಾದ ಬಲಿತ ಕಡ್ಡಿ ಆರು ನೆಟ್ಟೆವು.

ಆಮೇಲೆ ಕಾಯುವುದು. ನಾನು ಬೆಂಗಳೂರಿನಲ್ಲಿ, ಗೂಟಿಗಳು ಮೈಸೂರಿನಲ್ಲಿ. ಕಡ್ಡಿಗಳಿಗೆ ಪಕ್ಕದ ಮನೆ ಆಂಟಿ ನೀರು ಹಾಕುತ್ತಿದ್ದರು. ಎರಡು ವಾರಕ್ಕೊಮ್ಮೆ ಬೆಳಗಿನ ರೈಲು ಹಿಡಿದು ಹೋಗಿ ಸಂಜೆ ವಾಪಸು ಬರುತ್ತಿದ್ದೆ. ಹೋದ ತಕ್ಷಣ ಏಣಿ ಹತ್ತಿ ಪ್ಲಾಸ್ಟಿಕ್‌ನೊಳಗೆ ಇಣುಕುವುದು. ಮೊದಲ ತಿಂಗಳು ಏನೂ ಇಲ್ಲ. ಆರನೇ ವಾರಕ್ಕೆ ಗಾಯದ ಅಂಚು ಬೆಳ್ಳಗೆ ಗಂಟು ಕಟ್ಟಿತ್ತು. ಒಂದು ಗೂಟಿಯಲ್ಲಿ ಇರುವೆ ಗೂಡು ಮಾಡಿತ್ತು. ಪಾಚಿ ಪೂರ್ತಿ ಒಣಗಿತ್ತು. ಬಿಚ್ಚಿ, ಹೊಸ ಪಾಚಿ ಇಟ್ಟು ಮತ್ತೆ ಕಟ್ಟಿದೆ. ಇರುವೆಯ ಕಾಟ ಇರುವ ಕಡೆ ತುದಿಗಳನ್ನು ಸುತಳಿ ಜೊತೆ ಟೇಪಿನಿಂದಲೂ ಮುಚ್ಚಿ.

ಬೇರು ಬಂತಾ ಅಂತ ಬಿಚ್ಚಿ ನೋಡುವ ಆಸೆ ತಡೆಯಲು ಆಗುವುದಿಲ್ಲ. ದಯವಿಟ್ಟು ಬಿಚ್ಚಬೇಡಿ. ಪಾರದರ್ಶಕ ಪ್ಲಾಸ್ಟಿಕ್ ಹಾಕುವುದೇ ಅದಕ್ಕೆ.

ಆಗಸ್ಟ್ ಮೊದಲ ವಾರ ಆಂಟಿಯ ಫೋನ್ ಬಂತು. "ಯಾರೋ ಬೋರ್‌ವೆಲ್ ಗಾಡಿ ತಂದಿದ್ದಾರೆ ಕಣೆ, ಗೇಟಿನ ಬಳ್ಳಿ ಕಡೀತಿದ್ದಾರೆ." ಆಫೀಸಿನಲ್ಲಿದ್ದೆ. ಕೈಕಾಲು ತಣ್ಣಗಾಯಿತು. ಅಣ್ಣ ಕೊಳ್ಳುವವರಿಗೆ ಫೋನ್ ಮಾಡಿದ. ಗಾಡಿ ಒಳಗೆ ಹೋಗಲು ಜಾಗ ಬೇಕು ಅಂತ ಅವರ ಕಾಂಟ್ರ್ಯಾಕ್ಟರ್ ಯಾರನ್ನೂ ಕೇಳದೆ ಕಮಾನಿನ ಎಡಭಾಗ ಕಡಿಸಿದ್ದರು. ಕರಾರಿನ ಆ ಸಾಲನ್ನು ಅಣ್ಣ ಓದಿ ಹೇಳಿದ ಮೇಲೆ ಕೆಲಸ ನಿಲ್ಲಿಸಿದರು. ಕೊಳ್ಳುವವರು ಮಾರನೇ ದಿನವೇ ಕ್ಷಮೆ ಕೇಳಿದರು. ಅಷ್ಟರಲ್ಲಿ ಎರಡು ಗೂಟಿ ಹೋಗಿದ್ದವು. ನಾನು ಸಂಜೆ ತಲುಪಿದಾಗ ಕಡಿದ ಕೊಂಬೆಗಳ ರಾಶಿ ರಸ್ತೆ ಬದಿಯಲ್ಲಿತ್ತು. ಹುಡುಕಿ ಎರಡೂ ಗೂಟಿ ತೆಗೆದೆ. ಒಂದರಲ್ಲಿ ಎರಡೇ ಎರಡು ಬಿಳಿ ಬೇರು, ಅಕ್ಕಿಕಾಳಿನಷ್ಟು. ಅದನ್ನೂ ನೆಟ್ಟು ನೋಡಿದೆ. ಬದುಕಲಿಲ್ಲ.

ಉಳಿದ ನಾಲ್ಕಕ್ಕೂ ಅವತ್ತೇ ಕೆಂಪು ಬಟ್ಟೆ ಕಟ್ಟಿದೆ. "ಮುಟ್ಟಬೇಡಿ" ಅಂತ ದಪ್ಪ ಅಕ್ಷರದಲ್ಲಿ ಬರೆದು, ಅಣ್ಣನ ನಂಬರ್ ಹಾಕಿ ಗೇಟಿಗೆ ತೂಗುಹಾಕಿದೆ. ಇದನ್ನು ಜೂನ್‌ನಲ್ಲೇ ಮಾಡಬೇಕಿತ್ತು. ನೀವು ಮೊದಲ ದಿನವೇ ಮಾಡಿ. ಜೊತೆಗೆ, ಎಲ್ಲ ಗೂಟಿಗಳನ್ನೂ ಬಳ್ಳಿಯ ಒಂದೇ ಕಡೆ ಕಟ್ಟಬೇಡಿ. ನಮ್ಮ ಆರೂ ಎಡಗಡೆಯೇ ಇದ್ದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಆಗಸ್ಟ್ ಕೊನೆಗೆ, ಹನ್ನೊಂದನೇ ವಾರ, ಮೊದಲ ಗೂಟಿ ಇಳಿಸಿದೆವು. ಪ್ಲಾಸ್ಟಿಕ್ ತುಂಬ ಬೇರು. ಬಿಳಿ ಬೇರು ಕಂಡ ತಕ್ಷಣ ಕತ್ತರಿಸುವ ಹಾಗಿಲ್ಲ. ಅದು ತುಸು ಕಂದು ತಿರುಗಿ ಕವಲೊಡೆದಿರಬೇಕು. ಗಂಟಿನ ಕೆಳಗೆ ಕತ್ತರಿಸಿ, ಅರ್ಧಕ್ಕರ್ಧ ಎಲೆ ತೆಗೆದು, ಪಾಚಿ ಬಿಡಿಸದೆ ಹಾಗೇ ಚಿಕ್ಕ ಕವರಿನಲ್ಲಿ ನೆಟ್ಟೆವು. ಪುಡಿ ಹಚ್ಚದ ಎರಡರಲ್ಲಿ ಒಂದು ಬೋರ್‌ವೆಲ್ ದಿನ ಹೋಗಿತ್ತು. ಇನ್ನೊಂದಕ್ಕೆ ಮೂರು ವಾರ ತಡವಾಗಿ ಬೇರು ಬಂತು. ತಾತ ಹೇಳಿದ್ದು ನಿಜ, ಸಮಯ ಮಾತ್ರ ಜಾಸ್ತಿ ಬೇಕು. ತಾಯಿಯಿಂದ ಬೇರೆಯಾದ ಮೊದಲ ತಿಂಗಳೇ ಅಪಾಯದ ಕಾಲ. ಇದ್ದ ನಾಲ್ಕರಲ್ಲಿ ಒಂದು ಆ ತಿಂಗಳಲ್ಲಿ ಒಣಗಿತು. ಮೂರು ನಿಂತವು. ಬೆಂಗಳೂರಿನ ಬಾಲ್ಕನಿಗೆ ಅರ್ಧ ನೆರಳಿನ ಹಸಿರು ಪರದೆ ಕಟ್ಟಿಸಿದ್ದೆ. ದಿನಕ್ಕೆರಡು ಸಲ ಎಲೆಗೆ ನೀರು ಚಿಮುಕಿಸುವ ಕೆಲಸವನ್ನು ಅಮ್ಮ ತಾವೇ ತೆಗೆದುಕೊಂಡರು.

ಬೋಗನ್‌ವಿಲ್ಲಾದಲ್ಲಿ ಆರಕ್ಕೆ ನಾಲ್ಕು ಬೇರು ಬಂದಿದ್ದವು. ದೊಡ್ಡ ಕುಂಡಕ್ಕೆ ಬದಲಾಯಿಸುವಾಗ ಎರಡರ ಮಣ್ಣಿನ ಉಂಡೆ ಒಡೆಯಿತು. ಎರಡೂ ಒಂದು ವಾರದಲ್ಲಿ ಒಣಗಿದವು. ಅಷ್ಟು ಒರಟಾಗಿ ಕಾಣುವ, ಮುಳ್ಳಿರುವ ಗಿಡದ ಬೇರು ಅಷ್ಟು ಸೂಕ್ಷ್ಮ ಅಂತ ಯಾರಿಗೆ ಗೊತ್ತು? ಕವರನ್ನು ಎಳೆಯಬೇಡಿ, ಬ್ಲೇಡಿನಿಂದ ಸೀಳಿ ತೆಗೆಯಿರಿ.

ಇನ್ನು ಅಪಾರ್ಟ್‌ಮೆಂಟಿನ ಕಾಗದ ಪತ್ರಗಳ ಕತೆ. ಪೆಟ್ರಿಯಾ ನೆಲದಲ್ಲೇ ಬೆಳೆಯಬೇಕು ಅನ್ನುವುದು ನನ್ನ ಆಸೆ. ಹಿಂದಿನ ಗೋಡೆ ಪಕ್ಕ ಎರಡಡಿ ಅಗಲದ ಮಣ್ಣಿನ ಪಟ್ಟಿ ಖಾಲಿ ಬಿದ್ದಿದೆ. ಜುಲೈನಲ್ಲಿ ಅಸೋಸಿಯೇಷನ್‌ಗೆ ಅರ್ಜಿ ಕೊಟ್ಟೆ. ಬೇರು ಚರಂಡಿ ಪೈಪಿಗೆ ಹೋದರೆ? ಗೋಡೆ ಬಿರುಕು ಬಿಟ್ಟರೆ? ಹಾವು ಬಂದರೆ? ಪ್ರಶ್ನೆಗಳು ತಪ್ಪೇನಲ್ಲ. ಮೊದಲ ಸಭೆಯಲ್ಲಿ ನಕ್ಷೆ ಕೇಳಿದರು. ಎರಡನೇ ಸಭೆಗೆ ಕೋರಂ ಇರಲಿಲ್ಲ. ಮೂರನೆಯದರಲ್ಲಿ ಎಂಜಿನಿಯರ್ ಪತ್ರ ಬೇಕು ಅಂದರು. 2,500 ರೂಪಾಯಿ ಕೊಟ್ಟು ಅದನ್ನೂ ತಂದೆ. ಎಂಜಿನಿಯರ್ ಹೇಳಿದ ಒಂದು ಮಾತು ಎಲ್ಲರಿಗೂ ಉಪಯೋಗವಾಗುತ್ತದೆ: ಮರದಂಥ ಬಳ್ಳಿಯ ಭಾರವನ್ನು ಕಾಂಪೌಂಡ್ ಗೋಡೆ ಮೇಲೆ ಹಾಕಬೇಡಿ. ಮಳೆಯಲ್ಲಿ ನೆನೆದು ಗಾಳಿಗೆ ಸಿಕ್ಕರೆ ಎಳೆತ ಬಹಳ. ಗೋಡೆಯಿಂದ ಒಂದಡಿ ಬಿಟ್ಟು ಬೇರೆಯೇ ಕಂಬ ನಿಲ್ಲಿಸಿ. ಹಾಗೇ ಜಿಐ ಪೈಪಿನ ಚೌಕಟ್ಟು ಮಾಡಿಸಿದೆ. ಹಾನಿಯಾದರೆ ರಿಪೇರಿ ಖರ್ಚು ನನ್ನದು, ವರ್ಷಕ್ಕೆರಡು ಸಲ ಸವರುವುದು ನನ್ನ ಹೊಣೆ ಅಂತ ಮುಚ್ಚಳಿಕೆ ಬರೆದುಕೊಟ್ಟೆ. ಒಪ್ಪಿಗೆ ಪತ್ರ ಕೈಗೆ ಬಂದಿದ್ದು ನವೆಂಬರ್‌ನಲ್ಲಿ. ನಾಲ್ಕು ತಿಂಗಳು! ಗೂಟಿಗೆ ಬೇರು ಬಂದಿದ್ದೇ ಬೇಗ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಕಡ್ಡಿ ಕತ್ತರಿಸುವ ಮುಂಚೆಯೇ ಅರ್ಜಿ ಕೊಡಿ.

ಅಕ್ಟೋಬರ್ ಕೊನೆಗೆ ನೋಂದಣಿ ಆಯಿತು. ಕೀ ಕೊಡುವ ಮುಂಚೆ ಅಮ್ಮ ಒಂದು ಸಲ ಮನೆ ಸುತ್ತು ಬಂದರು. ಗೇಟಿನ ಹತ್ತಿರ ನಿಂತು ಪೆಟ್ರಿಯಾದ ಬುಡಕ್ಕೆ ಒಂದು ಚೊಂಬು ನೀರು ಹಾಕಿದರು. ಯಾರೂ ಮಾತಾಡಲಿಲ್ಲ. ನವೆಂಬರ್ ಮೂರನೇ ವಾರ ಮನೆ ಕೆಡವಿದರು ಅಂತ ಆಂಟಿ ಹೇಳಿದರು. ನಾವು ನೋಡಲು ಹೋಗಲಿಲ್ಲ.

ಡಿಸೆಂಬರ್‌ನಲ್ಲಿ ಗುಂಡಿ ತೋಡಿಸಿದೆ, ಎರಡಡಿ ಉದ್ದ, ಅಗಲ, ಆಳ. ತೋಡಿದರೆ ಬರೀ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ. ಕಟ್ಟಡ ಕಟ್ಟಿದವರು ಎಲ್ಲ ಅಲ್ಲೇ ಹೂತಿದ್ದರು. ಅದನ್ನೆಲ್ಲ ತೆಗೆಸಿ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಮರಳು ಸಮಸಮ ಸೇರಿಸಿ, ಎರಡು ಹಿಡಿ ಬೇವಿನ ಹಿಂಡಿ ಹಾಕಿ ತುಂಬಿಸಿದೆ. ಹದಿನೈದು ದಿನ ನೀರು ಹಾಕಿ ಮಣ್ಣು ಕೂರಲು ಬಿಟ್ಟು ಆಮೇಲೆ ನೆಟ್ಟೆವು. ಉಳಿದ ನಾಲ್ಕು ಬಳ್ಳಿಗಳು ದೊಡ್ಡ ಡ್ರಮ್ಮುಗಳಲ್ಲಿ ಇವೆ. ಥನ್‌ಬರ್ಜಿಯಾವನ್ನು ಮಧ್ಯಾಹ್ನದ ಬಿಸಿಲು ತಾಗದ ಕಡೆ ಇಟ್ಟಿದ್ದೇನೆ. ಘಟ್ಟದ ಬಳ್ಳಿ, ತಂಪು ಬೇಕು. ರಂಗೂನ್ ಮಲ್ಲಿಗೆ ಇನ್ನೂ ಪೊದೆಯ ಹಾಗೇ ಇದೆ. ಅದರ ಸ್ವಭಾವವೇ ಹಾಗೆ, ಮೊದಲು ಪೊದೆ, ಆಮೇಲೆ ಹಬ್ಬುವುದು. ಹಬ್ಬಲಿಲ್ಲ ಅಂತ ಗಾಬರಿ ಬೇಡ.

ಖರ್ಚು ಕೇಳುವವರಿಗೆ: ಪಾಚಿ 300, ಬೇರಿನ ಪುಡಿ 110, ಕವರು ಮತ್ತು ನಾರಿನ ಪುಡಿ 640, ತಾತನ ಕೂಲಿ ಐದು ದಿನಕ್ಕೆ 4,000, ನೆರಳು ಪರದೆ 1,150, ಡ್ರಮ್ಮು ನಾಲ್ಕಕ್ಕೆ 3,800, ಮಣ್ಣು ಗೊಬ್ಬರ 2,600, ಕಂಬ ಮತ್ತು ಚೌಕಟ್ಟು 14,500, ಎಂಜಿನಿಯರ್ 2,500, ಹನ್ನೊಂದು ಸಲದ ಓಡಾಟ 3,520. ಒಟ್ಟು 33,120 ರೂಪಾಯಿ. ಗಿಡ ಮಾಡುವ ಖರ್ಚು ಕಡಿಮೆ, ಅದು ಹಬ್ಬುವ ಜಾಗ ಮಾಡುವ ಖರ್ಚೇ ದೊಡ್ಡದು. ಸ್ವಂತ ಕಾಂಪೌಂಡ್ ಇರುವವರಿಗೆ ಇದರ ಅರ್ಧವೂ ಆಗುವುದಿಲ್ಲ.

ಫೆಬ್ರವರಿ ಕೊನೆಗೆ ಒಂದು ಬೆಳಿಗ್ಗೆ ಅಮ್ಮ ವಾಕಿಂಗ್‌ನಿಂದ ಬೇಗ ವಾಪಸು ಬಂದರು. "ಬಾ ಇಲ್ಲಿ" ಅಂತ ಕೈ ಹಿಡಿದು ಹಿಂದಕ್ಕೆ ಕರೆದುಕೊಂಡು ಹೋದರು. ಸೊಂಟದೆತ್ತರದ ಗಿಡದಲ್ಲಿ ಎರಡು ಗೊಂಚಲು. ಗೂಟಿ ಕಟ್ಟುವುದು ಬಲಿತ ಕೊಂಬೆಗೆ, ಅದಕ್ಕೇ ಇಷ್ಟು ಬೇಗ ಹೂ ಅಂತ ತಾತ ಆಮೇಲೆ ಫೋನಿನಲ್ಲಿ ಹೇಳಿದರು. ಅಮ್ಮ ಒಂದು ಎಲೆ ಹಿಡಿದು ಬೆರಳಲ್ಲಿ ಉಜ್ಜಿ ನೋಡಿದರು. "ಒರಟು ಹಾಗೇ ಇದೆ" ಅಂದರು.

ಎರಡನೇ ಗೂಟಿಯ ಗಿಡ ಈಗ ತಾತನ ಮನೆಯ ಬೇಲಿ ಪಕ್ಕ ಇದೆ. ಮೂರನೆಯದು ಶಿವಮೊಗ್ಗದಲ್ಲಿರುವ ಅಕ್ಕನಿಗೆ. ಬಿಸಿಲು ಜಾಸ್ತಿ ಇರುವುದರಿಂದ ಈಗ ಕಳಿಸುವುದು ಬೇಡ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಾನೇ ತೆಗೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಅದು ಬಾಲ್ಕನಿಯಲ್ಲಿ, ಅಮ್ಮನ ಕುರ್ಚಿಯ ಪಕ್ಕ.